ದೂರಪ್ರಯಾಣದ ಮೋಟಾರ್ ಸೈಕಲ್ಲಿಗೆ ಪ್ಲಗ್ ಆರಿಸುವ ಬಗೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಗ ಹೊಸದೊಂದು ಹವ್ಯಾಸ ಕಾಣಿಸಿಕೊಂಡಿದೆ. ರೈಲಿನ ಟಿಕೆಟು, ಬಸ್ಸಿನ ಸೀಟು ಎಂದು ಪರದಾಡುತ್ತಿದ್ದ ಕಾಲ ಸರಿದು, ಮಕ್ಕಳು ದೊಡ್ಡ ಮೋಟಾರ್ ಸೈಕಲ್ಲುಗಳನ್ನೇರಿ ಊರಿಗೆ ಹೊರಡುತ್ತಾರೆ. ಹೊರಡುವ ಮುನ್ನ ಟೈರು, ಬ್ರೇಕು, ಚೈನು, ಆಯಿಲುಗಳ ಪರೀಕ್ಷೆ ನಡೆಯುತ್ತದೆ. ಸ್ಪಾರ್ಕ್ ಪ್ಲಗ್ ಮಾತ್ರ ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ ನೆನಪಾಗುತ್ತದೆ. ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಕೂರಿಸಿದರಾಯಿತು ಎಂಬ ಭಾವನೆ. ಒಂದು ಕಾಲಕ್ಕೆ ನಾವೂ ಹಾಗೆಯೇ ಭಾವಿಸಿದ್ದೆವು.

1996ರ ಏಪ್ರಿಲ್ ತಿಂಗಳು. ಬ್ಯಾಂಕಿನ ವರ್ಷಾಂತ್ಯದ ಲೆಕ್ಕಪತ್ರಗಳ ಕೆಲಸದಿಂದ ಬಿಡುಗಡೆ ದೊರೆತದ್ದೇ ತಡವಾಗಿ, ಮಿತ್ರರೊಬ್ಬರ ತಂಗಿಯ ಮದುವೆಗೆ ನಾವಿಬ್ಬರೂ ಮುಂಬಯಿಯಿಂದ ಧಾರವಾಡಕ್ಕೆ ಮೋಟಾರ್ ಸೈಕಲ್ಲಿನಲ್ಲಿಯೇ ಹೊರಟೆವು. ವಾಹನ ಅಂದಿನ ಟೂ-ಸ್ಟ್ರೋಕ್ ಮಾದರಿಯದು. ನಗರದ ಓಡಾಟದಲ್ಲಿ ಪ್ಲಗ್ ಪದೇಪದೇ ಮಸಿ ಹಿಡಿಯುತ್ತಿದ್ದುದರಿಂದ, ಹತ್ತು ದಿನ ಮೊದಲು ಹೊಸದನ್ನು ಹಾಕಿಸಿದ್ದೆವು. ಹಳೆಯದರ ಮೇಲೆ 8 ಎಂಬ ಅಂಕಿಯಿತ್ತು. ಅಂಗಡಿಯವರು ಬೇರೊಂದು ತಯಾರಕರ ಪ್ಲಗ್ ಕೊಟ್ಟರು, ಅದರ ಮೇಲೆಯೂ 8 ಎಂದೇ ಇತ್ತು. ಥ್ರೆಡ್ ಸರಿಯಾಗಿ ಕೂತಿತು. ಹತ್ತು ದಿನವೂ ಎಂಜಿನ್ ಮೊದಲಿಗಿಂತ ಚೊಕ್ಕಟವಾಗಿ ಓಡಿತು, ಮಸಿಯ ಸುಳಿವೇ ಇರಲಿಲ್ಲ. ಪುಣೆ ದಾಟಿ, ಬಿಸಿಲೇರಿದ ಹೊತ್ತಿಗೆ ಖಂಬಾಟ್ಕಿ ಘಾಟಿ ಹತ್ತುವಾಗ ಎಂಜಿನ್ನಿನಿಂದ ಕಟಕಟ ಸದ್ದು ಬಂತು, ಶಕ್ತಿ ಕುಂದಿತು, ನೋಡುನೋಡುತ್ತಿದ್ದಂತೆ ನಿಂತೇಹೋಯಿತು. ಟೆಂಪೋದಲ್ಲಿ ಹೇರಿಕೊಂಡು ಸಾತಾರಾ ಮುಟ್ಟಿದೆವು. ಅಲ್ಲಿಯ ಮೆಕ್ಯಾನಿಕ್ ಹೆಡ್ ಬಿಚ್ಚಿ ತೋರಿಸಿದಾಗ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿದ್ದಿತ್ತು. ಬಸ್ಸು ಹಿಡಿದು ಧಾರವಾಡ ಸೇರಿದಾಗ ಧಾರೆ ಮುಗಿದು ಊಟದ ಎಲೆಗಳನ್ನು ಎತ್ತುತ್ತಿದ್ದರು. ಧಾರೆಯ ಹೊತ್ತಿಗೆ ಅಣ್ಣನೇ ಇರಲಿಲ್ಲವೆಂಬ ಮಾತು ಆ ಮನೆಯಲ್ಲಿ ಇಂದಿಗೂ ಬರುವುದುಂಟು.

ತಪ್ಪು ಎಲ್ಲಿ ನಡೆಯಿತು? ಇದನ್ನು ತಿಳಿಯಬೇಕಾದರೆ ಪ್ಲಗ್ಗಿನ ಎರಡು ಕೆಲಸಗಳನ್ನು ಅರಿಯಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂತೆ ಕಿಡಿ ಹಾರಿಸುವುದು. ಫೋರ್-ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ, ಒಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 2500 ಬಾರಿ ಕಿಡಿಯಿಂದ ದಹನವಾಗಬೇಕು. ಎರಡನೆಯ ಕೆಲಸ ಕಣ್ಣಿಗೆ ಕಾಣದ್ದು. ದಹನದ ಶಾಖವನ್ನು ತನ್ನ ತುದಿಯಿಂದ ಹೊರಗಿನ ಲೋಹಕ್ಕೆ, ಅಲ್ಲಿಂದ ಸಿಲಿಂಡರ್ ಹೆಡ್ಡಿಗೆ ಅದು ಸಾಗಿಸುತ್ತಿರಬೇಕು. ತುದಿಯ ಉಷ್ಣತೆ ಸುಮಾರು 450–500 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಅಲ್ಲಿಯೇ ಕಟ್ಟಿಕೊಳ್ಳುತ್ತದೆ, ಕಿಡಿ ಸೋರಿಹೋಗುತ್ತದೆ. ಸುಮಾರು 850 ಡಿಗ್ರಿಯನ್ನು ಮೀರಿತೆಂದರೆ, ಕಿಡಿ ಹಾರುವ ಮೊದಲೇ ಕೆಂಡವಾದ ತುದಿಯಿಂದ ಪೆಟ್ರೋಲು ಹೊತ್ತಿಕೊಳ್ಳುವ ಅಪಾಯವಿದೆ. ಮೇಲೇರುತ್ತಿರುವ ಪಿಸ್ಟನ್ನಿನ ಮೇಲೆ ಅಕಾಲದಲ್ಲಿ ಬೀಳುವ ಆ ಹೊಡೆತ ಮತ್ತು ಶಾಖ ಅಲ್ಯೂಮಿನಿಯಮ್ಮನ್ನು ಕರಗಿಸಬಲ್ಲದು.

ಶಾಖ ಸಾಗಿಸುವ ಈ ಗುಣಕ್ಕೆ ಹೀಟ್ ರೇಂಜ್ ಎಂದು ಹೆಸರು. ತುದಿಯ ಬಿಳಿಯ ಪಿಂಗಾಣಿ ಮೂಗು ಉದ್ದವಾಗಿದ್ದರೆ ಶಾಖಕ್ಕೆ ಹೊರಹೋಗುವ ದಾರಿ ದೂರ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ‘ಹಾಟ್’ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗನೆ ಹೊರಹೋಗುತ್ತದೆ. ಇದು ‘ಕೋಲ್ಡ್’ ಪ್ಲಗ್. ಹಾಟ್ ಎಂದೊಡನೆ ಕಿಡಿ ಪ್ರಬಲವಾಗಿರುತ್ತದೆಂದು ಹಲವರು ತಿಳಿದಿದ್ದಾರೆ. ಕಿಡಿಗೂ ಈ ಹೆಸರಿಗೂ ಸಂಬಂಧವಿಲ್ಲ.

ನಮ್ಮನ್ನು ಕೆಡಿಸಿದ್ದು ಅಂಕಿಗಳು. ಜಪಾನಿನ ಎನ್‌ಜಿಕೆ ಪ್ಲಗ್ಗುಗಳಲ್ಲಿ ಅಂಕಿ ಏರಿದಂತೆ ಪ್ಲಗ್ ಕೋಲ್ಡ್ ಆಗುತ್ತ ಹೋಗುತ್ತದೆ. ಬಾಷ್ ಮತ್ತು ಚಾಂಪಿಯನ್ ಕಂಪನಿಗಳ ಈಗಿನ ಕ್ರಮದಲ್ಲಿ ಅಂಕಿ ಏರಿದಂತೆ ಹಾಟ್ ಆಗುತ್ತದೆ. ಎನ್‌ಜಿಕೆಯ 6ಕ್ಕೆ ಬಾಷ್‌ನಲ್ಲಿ ಸರಿಸುಮಾರು ಹೊಂದುವುದು 7, ಎನ್‌ಜಿಕೆಯ 5ಕ್ಕೆ 8. ಹಾಗಾಗಿ ಒಂದರ 8ರ ಜಾಗದಲ್ಲಿ ಇನ್ನೊಂದರ 8 ಕೂರಿಸಿದರೆ, ಮೂರು ಮೆಟ್ಟಿಲು ಹಾಟ್ ಆದ ಪ್ಲಗ್ ಹಾಕಿದಂತೆ. ಒಂದೊಂದು ಮೆಟ್ಟಿಲಿಗೆ 70ರಿಂದ 100 ಡಿಗ್ರಿಯಷ್ಟು ವ್ಯತ್ಯಾಸವೆಂದು ಲೆಕ್ಕ. ನಗರದ ಮಂದಗತಿಯಲ್ಲಿ ಇದು ವರವಾಗಿ ತೋರುತ್ತದೆ, ಮಸಿ ಕಟ್ಟುವುದಿಲ್ಲ. ಇಬ್ಬರ ಭಾರ, ಏರು, ಬಿಸಿಲು ಮೂರೂ ಕೂಡಿದಾಗ ನಿಜ ಬಯಲಾಗುತ್ತದೆ. ಪ್ರವಾಸದ ವಾಹನಕ್ಕೆ ಪ್ಲಗ್ ಆರಿಸುವಾಗ ಎಲ್ಲಕ್ಕಿಂತ ಮೊದಲು ಹೀಟ್ ರೇಂಜ್ ನೋಡಬೇಕೆಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ.

ಈ ಗೊಂದಲಕ್ಕೆ ನಮ್ಮ ನಾಡಿನದೇ ಒಂದು ಅಧ್ಯಾಯವೂ ಉಂಟು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ‘ಮೈಕೋ’, ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಪ್ಲಗ್ ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಮೈಕೋ ಪ್ಲಗ್ಗುಗಳ ಹಳೆಯ ಸಂಕೇತದಲ್ಲಿ 145, 175, 225 ಎಂಬಂಥ ಅಂಕಿಗಳಿದ್ದವು. ಅಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಇಂದಿನ ಕ್ರಮಕ್ಕೆ ತೀರ ವಿರುದ್ಧ. ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಹಳೆಯ ಪುಸ್ತಕದ ಅಂಕಿಯನ್ನು ಹೊಸ ಪ್ಲಗ್ಗಿಗೆ ಹೋಲಿಸುವಾಗ ಇದನ್ನು ಮರೆಯಬಾರದು. ಅಂಕಿಗೆ ಅಂಕಿ ಹೊಂದಿಸದೆ, ತಯಾರಕರ ಹೊಂದಾಣಿಕೆಯ ಪಟ್ಟಿಯನ್ನೇ ನೋಡತಕ್ಕದ್ದು.

ಪ್ಲಗ್ಗಿನ ಮೇಲಿನ ಅಕ್ಷರಗಳೂ ಅರ್ಥವಿಲ್ಲದವಲ್ಲ. ಉದಾಹರಣೆಗೆ ಎನ್‌ಜಿಕೆಯ ‘ಬಿಪಿಆರ್6ಇಎಸ್’ ಎಂಬುದನ್ನು ಬಿಡಿಸೋಣ. ‘ಬಿ’ ಎಂದರೆ ಥ್ರೆಡ್ಡಿನ ವ್ಯಾಸ 14 ಮಿ.ಮೀ. (‘ಸಿ’ ಇದ್ದರೆ 10, ‘ಡಿ’ ಇದ್ದರೆ 12). ‘ಪಿ’ ಎಂದರೆ ಪಿಂಗಾಣಿಯ ತುದಿ ಹೊರಚಾಚಿದೆ. ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್. ‘ಇ’ ಥ್ರೆಡ್ಡಿನ ಉದ್ದ 19 ಮಿ.ಮೀ., ‘ಎಚ್’ ಇದ್ದರೆ 12.7. ‘ಎಸ್’ ಸಾಮಾನ್ಯ ಮಾದರಿಯ ಎಲೆಕ್ಟ್ರೋಡ್. ಕೊನೆಯಲ್ಲಿ ಅಡ್ಡಗೆರೆಯ ನಂತರ 9 ಇದ್ದರೆ ಗ್ಯಾಪ್ 0.9 ಮಿ.ಮೀ. ಎಂದರ್ಥ. ಇವುಗಳಲ್ಲಿ ಉದ್ದದ ವಿಷಯದಲ್ಲಿ ರಾಜಿ ಸಲ್ಲದು. ಉದ್ದದ ಪ್ಲಗ್ ಪಿಸ್ಟನ್ನಿಗೆ ತಗಲಬಹುದು. ಗಿಡ್ಡದ್ದು ಹಾಕಿದರೆ ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ, ಮುಂದೆ ಸರಿಯಾದ ಪ್ಲಗ್ ಕೂರದಂತಾಗುತ್ತದೆ.

ರೆಸಿಸ್ಟರನ್ನು ಹಳೆಯ ಮೆಕ್ಯಾನಿಕರು ಇಂದಿಗೂ ಲಘುವಾಗಿ ಕಾಣುವುದುಂಟು. ಕಾರ್ಬ್ಯುರೇಟರಿನ ಕಾಲದಲ್ಲಿ ಅದಿಲ್ಲದೆ ನಡೆಯುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಮಾರಾಟವಾದ ಪ್ರವಾಸದ ಮೋಟಾರ್ ಸೈಕಲ್ಲುಗಳಲ್ಲಿ ಇಂಧನವನ್ನು ಅಳೆದು ಸಿಂಪಡಿಸುವುದು ಎಲೆಕ್ಟ್ರಾನಿಕ್ ವ್ಯವಸ್ಥೆ. ಕಿಡಿಯಿಂದ ಹೊಮ್ಮುವ ವಿದ್ಯುತ್ ತರಂಗಗಳು ಅದನ್ನು ದಾರಿ ತಪ್ಪಿಸದಂತೆ ರೆಸಿಸ್ಟರ್ ತಡೆಯುತ್ತದೆ. ಪುಸ್ತಕದಲ್ಲಿ ‘ಆರ್’ ಇದ್ದರೆ ಅಂಗಡಿಯಿಂದ ತರುವುದರಲ್ಲಿಯೂ ಇರಬೇಕು.

ಇನ್ನು ಯುವಕರು ನಮ್ಮನ್ನು ಕೇಳುವ ಪ್ರಶ್ನೆ ಇರಿಡಿಯಮ್ ಪ್ಲಗ್ಗಿನದು. ಸಾಮಾನ್ಯ ಪ್ಲಗ್ಗಿನ ತುದಿ ನಿಕಲ್ ಮಿಶ್ರಲೋಹದ್ದು, ಸುಮಾರು 2.5 ಮಿ.ಮೀ. ದಪ್ಪ. ನಿಕಲ್ 1455 ಡಿಗ್ರಿಯಲ್ಲಿ ಕರಗಿದರೆ ಇರಿಡಿಯಮ್ ಕರಗಲು 2446 ಡಿಗ್ರಿ ಬೇಕು. ಆದ್ದರಿಂದ ಅದರ ತುದಿಯನ್ನು 0.4 ಅಥವಾ 0.6 ಮಿ.ಮೀ.ನಷ್ಟು ಸಣ್ಣದಾಗಿ ಮಾಡಬಹುದು. ಸಣ್ಣ ತುದಿಯಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ, ಸವೆತವೂ ನಿಧಾನ. ಇದರಿಂದ ವೇಗ ಹೆಚ್ಚುತ್ತದೆ ಎಂಬ ಮಾತನ್ನು ನಾವು ನಂಬುವುದಿಲ್ಲ. ಟ್ಯಾಂಕ್ ಬಿಚ್ಚದೆ ಪ್ಲಗ್ ಕೈಗೆ ಸಿಗದ ವಾಹನಗಳಲ್ಲಿ, ಅಥವಾ ಒಂದೇ ಸಿಲಿಂಡರಿಗೆ ಮೂರು ಪ್ಲಗ್ ಇರುವ ಡೊಮಿನಾರ್ 400ರಂಥವುಗಳಲ್ಲಿ, ಪದೇಪದೇ ಬದಲಿಸುವ ತೊಂದರೆ ತಪ್ಪುವುದೇ ದೊಡ್ಡ ಲಾಭ. ಅದೂ ತಯಾರಕರ ಪಟ್ಟಿಯಲ್ಲಿ ಆ ವಾಹನಕ್ಕೆಂದು ಸೂಚಿಸಿದ ಇರಿಡಿಯಮ್ ಪ್ಲಗ್ ಇದ್ದಾಗ ಮಾತ್ರ. ಅದರ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹಣ ನೀರಿನಲ್ಲಿ ಹೋಮ. ಸುಲಭವಾಗಿ ಪ್ಲಗ್ ಬಿಚ್ಚಬಹುದಾದ ಒಂದೇ ಸಿಲಿಂಡರಿನ ವಾಹನಕ್ಕೆ ಪುಸ್ತಕ ಹೇಳಿದ ನಿಕಲ್ ಪ್ಲಗ್ ಧಾರಾಳವಾಗಿ ಸಾಕು.

ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ತಿಳಿಕಂದು ಅಥವಾ ಬೂದುಬಣ್ಣವಿದ್ದರೆ ಎಲ್ಲವೂ ಕ್ಷೇಮ. ಒಣ ಮಸಿ ಇದ್ದರೆ ಪೆಟ್ರೋಲಿನ ಪ್ರಮಾಣ ಹೆಚ್ಚಾಗಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ಪ್ಲಗ್ ತೀರ ಕೋಲ್ಡ್ ಆಗಿರಬಹುದು. ಎಣ್ಣೆಯ ಪಸೆ ಇದ್ದರೆ ದೋಷ ಎಂಜಿನ್ನಿನೊಳಗಿದೆ, ಎಷ್ಟು ಪ್ಲಗ್ ಬದಲಿಸಿದರೂ ಪ್ರಯೋಜನವಿಲ್ಲ. ಸುಣ್ಣದಂತೆ ಬಿಳಿಚಿ, ಪಿಂಗಾಣಿಯ ಮೇಲೆ ಸಣ್ಣ ಗುಳ್ಳೆಗಳೆದ್ದಿದ್ದರೆ ಪ್ರಯಾಣವನ್ನೇ ಮುಂದೂಡಿ ಕಾರಣ ಹುಡುಕಬೇಕು. ನಾವು ಅಂದು ಹತ್ತು ದಿನಗಳಲ್ಲಿ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಕೊಳ್ಳುವಾಗ ನಕಲಿಯ ಭಯವೂ ಇದೆ. ಪುಣೆಯ ನಾನಾ ಪೇಠವಿರಲಿ, ದಿಲ್ಲಿಯ ಕಾಶ್ಮೀರಿ ಗೇಟ್ ಇರಲಿ, ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ರಸೀದಿ ಕೊಡುವ ಅಧಿಕೃತ ವ್ಯಾಪಾರಿಯಲ್ಲಿಯೇ ಕೊಳ್ಳುವುದು ಲೇಸು. ಅಕ್ಷರಗಳ ಮುದ್ರಣ ಮಸುಕಾಗಿದ್ದರೆ, ಪಕ್ಕದ ಎಲೆಕ್ಟ್ರೋಡ್ ಓರೆಯಾಗಿದ್ದರೆ ಮುಲಾಜಿಲ್ಲದೆ ಹಿಂದಿರುಗಿಸಬೇಕು.

ಕೂರಿಸುವ ಕೆಲಸಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆದು, ಪ್ಲಗ್ಗನ್ನು ಬರಿಗೈಯಿಂದಲೇ ಕೊನೆಯವರೆಗೆ ತಿರುಗಿಸಬೇಕು. ಬಿಗಿಯೆನಿಸಿದರೆ ಥ್ರೆಡ್ ಓರೆಯಾಗಿ ಹಿಡಿದಿದೆ ಎಂದೇ ತಿಳಿದು ಹೊರತೆಗೆಯಬೇಕು. ಅಲ್ಯೂಮಿನಿಯಮ್ ಹೆಡ್ಡಿಗೆ 14 ಮಿ.ಮೀ. ಪ್ಲಗ್ ಆದರೆ 25ರಿಂದ 30 ನ್ಯೂಟನ್-ಮೀಟರ್, 10 ಮಿ.ಮೀ.ನದಾದರೆ 10ರಿಂದ 12 ಮಾತ್ರ. ಟಾರ್ಕ್ ರೆಂಚ್ ಇಲ್ಲದವರು ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ಗನ್ನು, ಕೈಯಿಂದ ಪೂರ್ತಿ ಕೂತ ನಂತರ, ಪಾನಾದಿಂದ ಅರ್ಧ ಸುತ್ತಿಗೆ ತುಸು ಹೆಚ್ಚು ತಿರುಗಿಸಿದರೆ ಸಾಕು.

ಈ ಕೆಲಸವನ್ನು ಪ್ರಯಾಣದ ಹಿಂದಿನ ರಾತ್ರಿ ಮಾಡದೆ ಎರಡು ವಾರ ಮೊದಲೇ ಮುಗಿಸಿ, ಒಂದು ಭಾನುವಾರ ಲೋನಾವಳದವರೆಗಾದರೂ ಏರು ಹತ್ತಿಸಿ ಬಂದು, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಹೊರತೆಗೆದ ಹಳೆಯದು ಇನ್ನೂ ಸುಸ್ಥಿತಿಯಲ್ಲಿದ್ದರೆ ಎಸೆಯಬಾರದು. ಆ ಎಂಜಿನ್ನಿಗೆ ಹೊಂದುತ್ತದೆಂದು ಈಗಾಗಲೇ ಸಾಬೀತಾಗಿರುವ ಪ್ಲಗ್ ಅದು. ಹೊಸದರ ಡಬ್ಬಿಯಲ್ಲಿಯೇ ಅದನ್ನಿಟ್ಟು, ಪ್ಲಗ್ ಪಾನಾದೊಡನೆ ಸೀಟಿನ ಕೆಳಗೆ ಸೇರಿಸಿಡಬೇಕು.