ವಾಡಿಯ ಹಳದಿ ಕಲ್ಲಿನ ಗುಟ್ಟು!

ದಂಡೋತಿಯಿಂದ ಚಿತ್ತಾಪುರಕ್ಕೆ ಬನ್ನಿ, ಅಲ್ಲಿಂದ ವಾಡಿಗೆ. ಹೆದ್ದಾರಿ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಬಿಳಿ ಮೈ, ಹಳದಿ ತಲೆ. ಮೇಲೊಂದು ಸಂಖ್ಯೆ: 150.

ಏನದು? ದೂರವೇ? ಬಾಯಿಗೆ ಬಂದ ನಂಬರೇ? ಊಹಿಸಿ!

ಅದೊಂದು ವಿಳಾಸ! ಮೊದಲ 1 ಅಳಿಸಿ. ಉಳಿದದ್ದು 50. ಅಂದರೆ ಇದು 50ನೇ ರಾಷ್ಟ್ರೀಯ ಹೆದ್ದಾರಿಯ ಕವಲು. ಕಲಬುರಗಿಯಲ್ಲಿ ಕವಲೊಡೆದು ಶಹಾಬಾದ್, ವಾಡಿ, ಯಾದಗಿರಿ ದಾಟಿ ತೆಲಂಗಾಣ ಸೇರುತ್ತದೆ.

ಇನ್ನೂ ಇದೆ, ತಾಳಿ! 50 ಸಮಸಂಖ್ಯೆ. ಸಮ ಎಂದರೆ ಉತ್ತರ–ದಕ್ಷಿಣ! ನಾಂದೇಡದಿಂದ ಬೀದರ್, ಕಲಬುರಗಿ, ವಿಜಯಪುರ, ಹೊಸಪೇಟೆ ಹಾದು ಚಿತ್ರದುರ್ಗದವರೆಗೆ. ಇಂಥ ಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ. ನಂಬಿಕೆ ಇಲ್ಲವೇ? ಪರೀಕ್ಷಿಸಿ! ಪೂರ್ವಕ್ಕೆ ಹೈದರಾಬಾದಿನಲ್ಲಿ 44. ಪಶ್ಚಿಮಕ್ಕೆ ಹುಬ್ಬಳ್ಳಿಯಲ್ಲಿ 52. ಮಂಗಳೂರು, ಕಾರವಾರದ ಕಡಲ ತಡಿಯಲ್ಲಿ 66!

ಬೆಸವಾದರೆ? ಪೂರ್ವ–ಪಶ್ಚಿಮ! ಏರಿಕೆ ಉತ್ತರದಿಂದ ದಕ್ಷಿಣಕ್ಕೆ. ಲೇಹ್‌ಗೆ ಹೋಗುವುದು 1. ಹುಮನಾಬಾದ್ ಹಾಯುವುದು 65. ಬೆಂಗಳೂರು–ಮಂಗಳೂರು 75. ರಾಮೇಶ್ವರ ಮುಟ್ಟುವಾಗ 87!

ಈಗ ಹುಮನಾಬಾದನ್ನೇ ನೋಡಿ. ಅಲ್ಲಿ 50 ಮತ್ತು 65 ಒಂದನ್ನೊಂದು ದಾಟುತ್ತವೆ. ಎರಡೇ ಸಂಖ್ಯೆ ಹೇಳಿದರೆ ಸಾಕು, ಇಷ್ಟು ದೊಡ್ಡ ದೇಶದಲ್ಲಿ ಊರು ಸಿಕ್ಕಿಬಿಡುತ್ತದೆ!

2010ಕ್ಕೆ ಮುಂಚೆ ಈ ಸೊಗಸು ಇರಲಿಲ್ಲ. ಹುಬ್ಬಳ್ಳಿಯಿಂದ ಕಲಬುರಗಿ ಮೇಲೆ ಹುಮನಾಬಾದಿಗೆ ಹೋಗುವ ದಾರಿ ಆಗ 218. ದಿಕ್ಕೂ ಇಲ್ಲ, ದೆಸೆಯೂ ಇಲ್ಲ! ಆ ವರ್ಷ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಬಂತು. ಇಂದು ಅವುಗಳ ಒಟ್ಟು ಉದ್ದ ಎಷ್ಟು, ಹೇಳಿ? ಸುಮಾರು 1.46 ಲಕ್ಷ ಕಿಲೋಮೀಟರ್! ಭೂಮಿಗೆ ಮೂರೂವರೆ ಸುತ್ತು ಹಾಕಿದರೂ ಮಿಗುತ್ತದೆ!

ವಾಡಿಯ 150ಕ್ಕೆ ಒಬ್ಬ ತಮ್ಮನಿದ್ದಾನೆ: 150ಎ. ಜೇವರ್ಗಿಯಲ್ಲಿ ಹುಟ್ಟುತ್ತಾನೆ. ಎಲ್ಲಿಗೆ ಹೋಗುತ್ತಾನೆ? ಸಿಂಧನೂರು? ಬಳ್ಳಾರಿ? ಮುಂದೆ! ಹಿರಿಯೂರು? ಇನ್ನೂ ಮುಂದೆ! ಶ್ರೀರಂಗಪಟ್ಟಣವನ್ನೂ ದಾಟಿ ಚಾಮರಾಜನಗರಕ್ಕೆ! ಅಣ್ಣನಿಗಿಂತ ತಮ್ಮನೇ ಉದ್ದ!

ಹಾಗೆಂದು ಎಲ್ಲವೂ ನಂಬರಿನಲ್ಲಿ ಇಲ್ಲ. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಸೇತುವೆ ಮುಳುಗಿದ ದಿನ ಯಾವ ಸಂಖ್ಯೆಯೂ ದಾಟಿಸುವುದಿಲ್ಲ. ಬೇಕಾದರೆ ದಂಡೋತಿಯವರನ್ನು ಕೇಳಿ.

ಮುಂದಿನ ಸಲ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿಯಿರಿ. ತಲೆ ಹಸಿರಾಗಿದ್ದರೆ ಅದು ರಾಜ್ಯ ಹೆದ್ದಾರಿ, ಈ ಲೆಕ್ಕ ಅಲ್ಲಿ ನಡೆಯದು. ಹಳದಿ ಕಂಡಿತೋ, ಪಕ್ಕದವರನ್ನು ಕೇಳಿಯೇಬಿಡಿ: ಈ ರಸ್ತೆ ಯಾವ ದಿಕ್ಕಿನದು, ಹೇಳ್ರಿ ನೋಡೋಣ!