ಕಬ್ಬಿನ ಬಾಡಿಗೆ: ಕರಾರಿಗೆ ಸಹಿ ಮಾಡುವ ಮೊದಲು ಖೇಪಿನ ಲೆಕ್ಕ ಮಾಡಿರಿ

ದಸರೆ ಸಮೀಪಿಸುತ್ತಿದ್ದಂತೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಸೀಮೆಯಲ್ಲಿ ಕಬ್ಬಿನ ಹಂಗಾಮಿನ ಮಾತು ಶುರುವಾಗುತ್ತದೆ. ಚಿಮ್ಮಡ, ಮಹಾಲಿಂಗಪುರ, ತೇರದಾಳ, ಬನಹಟ್ಟಿ, ಜಮಖಂಡಿ, ಮುಧೋಳ ಎಲ್ಲಿ ನೋಡಿದರೂ ಟ್ರೈಲರುಗಳಿಗೆ ಹೊಸ ಟಾಯರು, ವೆಲ್ಡಿಂಗು, ಬಣ್ಣ. ಅದೇ ಸುಮಾರಿಗೆ ಕಾರ್ಖಾನೆಯ ಕಬ್ಬು ವಿಭಾಗದಿಂದ ಟ್ರಾಕ್ಟರ್ ಮಾಲಕರಿಗೆ ಕರೆ ಬರುತ್ತದೆ. ಅಲ್ಲಿ ಟನ್ನಿಗೆ ಇಷ್ಟು ಬಾಡಿಗೆ ಎಂದು ಹೇಳುತ್ತಾರೆ, ಕರಾರು ಪತ್ರ ಮುಂದಿಡುತ್ತಾರೆ, ಮುಂಗಡದ ಮೊತ್ತ ತೋರಿಸುತ್ತಾರೆ. ಮುಂಗಡದ ಅಂಕಿ ಕಂಡ ಮೇಲೆ ಉಳಿದ ಷರತ್ತುಗಳನ್ನು ಓದುವವರು ಕಡಿಮೆ. ಯುಗಾದಿಯ ಹೊತ್ತಿಗೆ ಲೆಕ್ಕ ಮುಗಿದಾಗ ಡೀಸೆಲು, ಚಾಲಕನ ಪಗಾರ, ಬ್ಯಾಂಕಿನ ಕಂತು ಕಳೆದು ಕೈಯಲ್ಲಿ ಏನೂ ಉಳಿದಿಲ್ಲವೆಂದು ತಿಳಿಯುತ್ತದೆ.

ರೈತ ಬಾಂಧವರೇ, ನೀವು ಸ್ವಂತ ಟ್ರಾಕ್ಟರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರಾಗಿದ್ದರೆ ಈ ಲೇಖನ ನಿಮಗಾಗಿ. ಟ್ರಾಕ್ಟರ್ ಇಲ್ಲದ ಕಬ್ಬು ಬೆಳೆಗಾರರೂ ಓದಬೇಕು. ಏಕೆಂದರೆ ಆ ಬಾಡಿಗೆಯನ್ನು ಕೊನೆಗೆ ತೆರುವವರು ನೀವೇ.

ಬಾಡಿಗೆ ಯಾರ ಜೇಬಿನಿಂದ?

ಕೇಂದ್ರ ಸರಕಾರ ಗೊತ್ತುಪಡಿಸುವ, ಎಫ್‌ಆರ್‌ಪಿ ಎಂದು ಎಲ್ಲರೂ ಕರೆಯುವ ಬೆಲೆಯು ಕಬ್ಬನ್ನು ಕಾರ್ಖಾನೆಯ ಗೇಟಿಗೆ ಮುಟ್ಟಿಸಿದ ಬೆಲೆ. 2025–26ರ ಹಂಗಾಮಿಗೆ ಅದು ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ರೂಪಾಯಿ ಆಗಿತ್ತು. ಹೊಲದಿಂದ ಗೇಟಿನವರೆಗಿನ ಕಟಾವು ಹಾಗೂ ಸಾಗಾಣಿಕೆ ಖರ್ಚನ್ನು ಕಾರ್ಖಾನೆ ಮೊದಲು ಕೊಟ್ಟು, ಆಮೇಲೆ ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. 2025ರ ನವೆಂಬರಿನಲ್ಲಿ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಡಿಕೆಯಿಟ್ಟು ರೈತರು ಹೋರಾಡಿದಾಗಲೂ ಈ ಮುರಿತ ಎಷ್ಟು ಎಂಬ ಪ್ರಶ್ನೆ ಚರ್ಚೆಯಲ್ಲಿತ್ತು.

ಆದ್ದರಿಂದ ಟ್ರಾಕ್ಟರಿನವರು ಟನ್ನಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಅದು ಬಹುಮಟ್ಟಿಗೆ ನೆರೆಹೊಲದವನ ಬಿಲ್ಲಿನಿಂದಲೇ ಬರುತ್ತದೆ. ಹಾಗಾದರೆ ಕೇಳಬಾರದೇ? ಕೇಳಲೇಬೇಕು. ನಷ್ಟದಲ್ಲಿ ಓಡುವ ಗಾಡಿ ಎರಡು ವರ್ಷದಲ್ಲಿ ಬ್ಯಾಂಕಿನ ಪಾಲಾಗುತ್ತದೆ. ಆದರೆ ಏನನ್ನು ಕೇಳಬೇಕು ಎಂಬುದರಲ್ಲಿ ವಿಚಾರ ಬೇಕು.

ಮೊದಲು ನಿಮ್ಮ ಅಸಲು ಗೊತ್ತಿರಲಿ

ಮಾತುಕತೆಗೆ ಹೋಗುವ ಮೊದಲು ಒಂದು ಕಾಗದದಲ್ಲಿ ನಿಮ್ಮ ಖರ್ಚನ್ನು ಎರಡು ಭಾಗ ಮಾಡಿ ಬರೆಯಿರಿ. ಗಾಡಿ ನಿಂತರೂ ಓಡಿದರೂ ತಪ್ಪದ ಖರ್ಚು ಒಂದು, ಓಡಿದರೆ ಮಾತ್ರ ಬರುವ ಖರ್ಚು ಇನ್ನೊಂದು. ಉದಾಹರಣೆಗಾಗಿ 120 ದಿನಗಳ ಹಂಗಾಮು, ಹೊಲದಿಂದ ಕಾರ್ಖಾನೆಗೆ 15 ಕಿಲೋಮೀಟರ್ ದೂರ, ಎರಡು ಟ್ರೈಲರು ಸೇರಿ ಒಂದು ಖೇಪಿಗೆ 16 ಟನ್ ಎಂದು ಹಿಡಿಯೋಣ. ಕೆಳಗಿನವು ಲೆಕ್ಕದ ರೀತಿ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಿರಿ.

ತಪ್ಪದ ಖರ್ಚು, ಹಂಗಾಮಿಗೆ:
ಕಬ್ಬಿನ ಕೆಲಸಕ್ಕೆ ಬರುವ ಸಾಲದ ಕಂತಿನ ಪಾಲು – 1,80,000 ರೂ.
ಚಾಲಕನ ಪಗಾರ, ತಿಂಗಳಿಗೆ 20,000ದಂತೆ 4 ತಿಂಗಳಿಗೆ – 80,000 ರೂ.
ವಿಮೆ, ತೆರಿಗೆ ಮುಂತಾದವುಗಳ ಪಾಲು – 20,000 ರೂ.
ಒಟ್ಟು – 2,80,000 ರೂ.

ಓಡಿದರೆ ಬರುವ ಖರ್ಚು, ಒಂದು ಖೇಪಿಗೆ:
ಹೋಗಿ ಬರುವ ಡೀಸೆಲು 15 ಲೀಟರ್, ಲೀಟರಿಗೆ 90ರಂತೆ – 1,350 ರೂ.
ಟಾಯರು ಸವೆತ, ರಿಪೇರಿ, ಗ್ರೀಸು – 650 ರೂ.
ಒಟ್ಟು – 2,000 ರೂ.

ಗಾಡಿಯನ್ನು ಮಾಲಕನೇ ಓಡಿಸಿದರೂ ಚಾಲಕನ ಪಗಾರವನ್ನು ಬಿಡಕೂಡದು. ನಿಮ್ಮ ದುಡಿಮೆಗೂ, ಮಗನ ದುಡಿಮೆಗೂ ಬೆಲೆಯಿದೆ.

ಈಗ ಹಂಗಾಮಿನಲ್ಲಿ 100 ಖೇಪು ಆದವೆಂದರೆ ಒಟ್ಟು ಖರ್ಚು 4,80,000 ರೂಪಾಯಿ. ಸಾಗಿಸಿದ ಕಬ್ಬು 1,600 ಟನ್. ಟನ್ನಿಗೆ ಅಸಲು 300 ರೂಪಾಯಿ. ಅದೇ ಗಾಡಿ ಕಾರ್ಖಾನೆಯ ಅಂಗಳದಲ್ಲಿ ಪಾಳಿ ಕಾಯುತ್ತ ನಿಂತು 60 ಖೇಪು ಮಾತ್ರ ಆದವೆಂದರೆ ಖರ್ಚು 4,00,000 ರೂಪಾಯಿ. ಕಬ್ಬು 960 ಟನ್. ಟನ್ನಿಗೆ ಅಸಲು ಸುಮಾರು 417 ರೂಪಾಯಿ.

ಕರಾರಿನಲ್ಲಿ ಟನ್ನಿಗೆ 340 ರೂಪಾಯಿ ಬಾಡಿಗೆ ಇದ್ದರೆ 100 ಖೇಪು ಮಾಡಿದವನಿಗೆ 64,000 ರೂಪಾಯಿ ಉಳಿಯುತ್ತದೆ. 60 ಖೇಪು ಮಾಡಿದವನಿಗೆ 73,600 ರೂಪಾಯಿ ನಷ್ಟವಾಗುತ್ತದೆ. ಇಬ್ಬರದೂ ದರ ಒಂದೇ, ರಸ್ತೆ ಒಂದೇ, ಕಾರ್ಖಾನೆ ಒಂದೇ.

ಕಾಯುವ ಹೊತ್ತಿಗೆ ಬೆಲೆ ಕಟ್ಟಿರಿ

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. 340 ರೂಪಾಯಿ ದರದಲ್ಲೇ 60ರ ಬದಲು 80 ಖೇಪು ಆದರೆ ನಷ್ಟ 73,600ರಿಂದ 4,800 ರೂಪಾಯಿಗೆ ಇಳಿಯುತ್ತದೆ. ಖೇಪು 60ರಲ್ಲೇ ನಿಂತು ಇದೇ ಅನುಕೂಲ ದರದಿಂದ ಸಿಗಬೇಕಾದರೆ ಟನ್ನಿಗೆ 72 ರೂಪಾಯಿ ಹೆಚ್ಚು ಕೇಳಬೇಕಾಗುತ್ತದೆ. ಅಷ್ಟನ್ನು ಯಾವ ಕಾರ್ಖಾನೆಯೂ ಸುಲಭವಾಗಿ ಕೊಡುವುದಿಲ್ಲ. ಕೊಟ್ಟರೂ ಅದು ಬೆಳೆಗಾರನ ಬಿಲ್ಲಿಗೆ ಬೀಳುತ್ತದೆ. ಪಾಳಿ ಬೇಗ ಹರಿದರೆ ಮಾತ್ರ ಯಾರ ಬಿಲ್ಲಿನಿಂದಲೂ ಏನೂ ಹೋಗುವುದಿಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆದ್ದರಿಂದ ಬೇಗ ಇಳಿಸಿಕೊಳ್ಳಿರೆಂದು ಕೇಳುವಾಗ ಬೆಳೆಗಾರರು ಟ್ರಾಕ್ಟರ್ ಮಾಲಕರ ಜೊತೆಗೆ ನಿಲ್ಲಬಹುದು, ನಿಲ್ಲಬೇಕು.

ಮೇಲಿನ ಉದಾಹರಣೆಯಲ್ಲಿ ತಪ್ಪದ ಖರ್ಚು ದಿನಕ್ಕೆ ಸುಮಾರು 2,333 ರೂಪಾಯಿ. ಅಂಗಳದಲ್ಲಿ ಗಾಡಿ ಒಂದು ದಿನ ವ್ಯರ್ಥ ನಿಂತರೆ ಹೋಗುವ ಹಣವೇ ಇದು. ಗೇಟಿನ ಒಳಗೆ ಬಂದ ಇಷ್ಟು ತಾಸಿನ ಮೇಲೆ ಗಾಡಿ ನಿಂತರೆ ದಿನಕ್ಕೆ ಇಷ್ಟು ನಿಲುಗಡೆ ಭತ್ಯೆ ಎಂದು ಕರಾರಿನಲ್ಲಿ ಬರೆಸಲು ಒತ್ತಾಯಿಸಿರಿ. ಇದು ಹೊಸ ಬೇಡಿಕೆಯಲ್ಲ. ಅಮೆರಿಕದಲ್ಲಿ ಸ್ವಂತ ಲಾರಿ ಓಡಿಸುವ ಚಾಲಕರು ಸರಕು ಏರಿಸಲು ಇಲ್ಲವೆ ಇಳಿಸಲು ಎರಡು ತಾಸು ದಾಟಿದರೆ ಬೇರೆ ಹಣ ಕೇಳುವ ರೂಢಿಯಿದೆ. ಸರಕು ಕೊಡುವ ಮಧ್ಯಸ್ಥರೊಡನೆ ದರ ಮಾತಾಡುವಾಗಲೇ ಅದನ್ನು ಇತ್ಯರ್ಥ ಮಾಡಿಕೊಳ್ಳುತ್ತಾರೆ. ಎರಡು ತಾಸು ನಮ್ಮಲ್ಲಿ ಆಗದ ಮಾತು. ಆದರೆ ಮಿತಿ ಎಂಬುದು ಒಂದು ಇರಬೇಕು. ನೀವು ಗೇಟು ಹೊಕ್ಕ ವೇಳೆ, ಕಾಟಾದ ವೇಳೆ, ಹೊರಬಿದ್ದ ವೇಳೆ ಮೂರನ್ನೂ ಒಂದು ಸಣ್ಣ ವಹಿಯಲ್ಲಿ ದಿನವೂ ಬರೆದಿಡಿರಿ. ಮುಂದಿನ ವರ್ಷದ ಮಾತುಕತೆಗೆ ಆ ವಹಿಯೇ ನಿಮ್ಮ ಸಾಕ್ಷಿ.

ಕರಾರಿನಲ್ಲಿ ನೋಡಬೇಕಾದ ಅಂಶಗಳು

1. ದೂರ. ಬಾಡಿಗೆಯ ಹಂತಗಳು ಕಿಲೋಮೀಟರಿನ ಮೇಲೆ ಇರುತ್ತವೆ. ದೂರವನ್ನು ಊರಿನ ಬಸ್ ನಿಲ್ದಾಣದಿಂದ ಅಳೆಯುತ್ತಾರೋ ಹೊಲದಿಂದ ಅಳೆಯುತ್ತಾರೋ ಕೇಳಿರಿ. ತೋಟದ ದಾರಿಯ ಎರಡು ಮೂರು ಕಿಲೋಮೀಟರ್ ಡೀಸೆಲನ್ನೂ ಟಾಯರನ್ನೂ ಬಹಳ ತಿನ್ನುತ್ತದೆ.

2. ಡೀಸೆಲಿನ ಏರಿಕೆ. ನಮ್ಮ ಉದಾಹರಣೆಯಲ್ಲಿ ಲೀಟರಿಗೆ ಒಂದು ರೂಪಾಯಿ ಏರಿದರೆ ಖೇಪಿಗೆ 15 ರೂಪಾಯಿ, ಟನ್ನಿಗೆ 94 ಪೈಸೆ ಖರ್ಚು ಏರುತ್ತದೆ. ಕರಾರಿನ ದಿನದ ಡೀಸೆಲ್ ದರವನ್ನು ಪತ್ರದಲ್ಲಿ ನಮೂದಿಸಿ, ಅಲ್ಲಿಂದ ಏರಿದಂತೆ ಬಾಡಿಗೆಯೂ ಏರಬೇಕೆಂದು ಬರೆಸಿರಿ. ಇಳಿದರೆ ಇಳಿಸಲು ನೀವೂ ಒಪ್ಪಿರಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

3. ತೂಕ. ಬಾಡಿಗೆಯನ್ನು ಕಾಟಾದ ಪೂರ್ತಿ ತೂಕಕ್ಕೆ ಕೊಡುತ್ತಾರೋ, ಕಸ ಸೋಗೆಯ ಮುರಿತ ಕಳೆದು ಕೊಡುತ್ತಾರೋ ತಿಳಿದುಕೊಳ್ಳಿರಿ. ತುಂಬಿದ ಗಾಡಿಯ ಮತ್ತು ಖಾಲಿ ಗಾಡಿಯ ಎರಡೂ ಚೀಟಿಗಳನ್ನು ಪಡೆಯಿರಿ.

4. ಹೆಚ್ಚು ಹೇರು. ಟನ್ನಿನ ಆಸೆಗೆ ಮಿತಿ ಮೀರಿ ಹೇರಬೇಡಿರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಮೇರೆಗೆ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000 ರೂಪಾಯಿ. ಗಾಡಿ ಪಲ್ಟಿಯಾಗಿ ಜೀವ ಹೋದರೆ ದಂಡದ ಮಾತು ಸಣ್ಣದಾಗುತ್ತದೆ. ಲೆಕ್ಕದಲ್ಲಿ ನೋಂದಣಿ ಪತ್ರದ ತೂಕವನ್ನೇ ಹಿಡಿಯಿರಿ.

5. ವಿಮೆ. ವಿಮಾ ಪತ್ರದಲ್ಲಿ ಕೃಷಿ ಉಪಯೋಗಕ್ಕೆ ಮಾತ್ರ ಎಂದಿದ್ದು ನೀವು ಬಾಡಿಗೆಗೆ ಓಡಿಸುತ್ತಿದ್ದರೆ ಅಪಘಾತದ ಹೊತ್ತಿನಲ್ಲಿ ಕಂಪನಿಯವರು ತಕರಾರು ಎತ್ತಬಹುದು. ಟ್ರೈಲರುಗಳ ಹೆಸರು ಪತ್ರದಲ್ಲಿದೆಯೇ ನೋಡಿರಿ. 2025ರ ನವೆಂಬರಿನಲ್ಲಿ ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರೈಲರುಗಳಿಗೆ ಬೆಂಕಿ ಬಿದ್ದುದನ್ನು ಈ ಭಾಗದವರು ಮರೆತಿಲ್ಲ. ಅಂಗಳದೊಳಗೆ ಗಾಡಿಗೆ ಹಾನಿಯಾದರೆ ಹೊಣೆ ಯಾರದೆಂದು ಕರಾರಿನಲ್ಲಿ ಇರಬೇಕು.

6. ಹಣ ಕೊಡುವ ಅವಧಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿನ ಬೆಲೆಯನ್ನು 14 ದಿನಗಳೊಳಗೆ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಈ ರಕ್ಷಣೆ ಕಬ್ಬಿನ ಬೆಲೆಗೆ, ಸಾಗಾಣಿಕೆಯವನ ಬಾಡಿಗೆಗೆ ಅಲ್ಲ. ಆದರೆ ಸಾಗಾಣಿಕೆಯೂ ಒಂದು ಸೇವಾ ಉದ್ಯಮ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆಯು 45 ದಿನ ಮೀರದಂತೆ ಹಣ ಕೊಡಬೇಕೆಂದು ಹೇಳುತ್ತದೆ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಂಗಾಮಿಗೆ ಮೊದಲೇ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಕರಾರಿನಲ್ಲಿ ಬರೆಸಿರಿ.

ಮುಂಗಡದ ಗಂಟು

ಅನೇಕ ಕರಾರುಗಳಲ್ಲಿ ಗಾಡಿಯ ಜೊತೆಗೆ ಕಬ್ಬು ಕಡಿಯುವ ಟೋಳಿಯನ್ನು ತರುವ ಹೊಣೆಯೂ ಮಾಲಕನದೇ. ಕಾರ್ಖಾನೆ ಕೊಟ್ಟ ಮುಂಗಡ, ಅಂದರೆ ಉಚಲು, ಮಾಲಕನ ಹೆಸರಿನಲ್ಲಿ ಸಾಲವಾಗಿ ನಿಲ್ಲುತ್ತದೆ. ಅದು ಮುಕಾದಮನ ಕೈ ಸೇರಿ, ಟೋಳಿ ಬಾರದೆ ಹೋದರೆ ತೀರಿಸಬೇಕಾದವನು ಸಹಿ ಮಾಡಿದವನೇ. ಪೂರ್ತಿ ಹಣವನ್ನು ಒಮ್ಮೆಲೇ ಕೊಡದೆ, ಒಂದು ಪಾಲನ್ನು ಟೋಳಿ ಬಂದು ಇಳಿದ ಮೇಲೆ ಕೊಡಿರಿ. ಕೊಡುವುದನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಕೂಲಿಕಾರರ ಹೆಸರಿನ ಪಟ್ಟಿ ತೆಗೆದುಕೊಳ್ಳಿರಿ. ಮುಂಗಡ ಮುಟ್ಟಲಿಲ್ಲವೆಂದು ಕೂಲಿಕಾರರನ್ನು ತಡೆದು ನಿಲ್ಲಿಸುವುದು 1976ರ ಜೀತ ನಿರ್ಮೂಲನ ಕಾಯ್ದೆಯಂತೆ ಅಪರಾಧವಾಗಬಹುದು. ಅಂಥ ಹಾದಿ ಹಿಡಿಯಬೇಡಿರಿ.

ಖಾಲಿ ಕಾಗದಕ್ಕೆ ಸಹಿ ಬೇಡ. ಖಾಲಿ ಚೆಕ್ಕಂತೂ ಬೇಡವೇ ಬೇಡ. ಚೆಕ್ಕು ಮರಳಿದರೆ ಎರಡು ವರ್ಷದವರೆಗೆ ಸೆರೆ ಇಲ್ಲವೆ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡವಾಗುವ ಕಾನೂನಿದೆ. ಇದಲ್ಲದೆ ಮುಂಗಡ ಪಡೆದ ಗಳಿಗೆಯಿಂದ ಮಾತಾಡುವ ಬಲ ನಿಮ್ಮ ಕೈ ಬಿಡುತ್ತದೆ. ಆದ್ದರಿಂದ ಷರತ್ತು ಮೊದಲು, ಮುಂಗಡ ಆಮೇಲೆ.

ಮಾತಿಗೆ ಕೂಡುವ ರೀತಿ

ಕಾರ್ಖಾನೆಗೆ ಗಾಡಿಗಳ ಅಗತ್ಯ ಹೆಚ್ಚಿರುವುದು ಹಂಗಾಮಿಗೆ ಮೊದಲು. ಮಾತುಕತೆಗೆ ಅದೇ ತಕ್ಕ ಕಾಲ. ನಮ್ಮ ಭಾಗದಲ್ಲಿ ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ ಎಂದು ಹತ್ತಿರ ಹತ್ತಿರದಲ್ಲೇ ಕಾರ್ಖಾನೆಗಳಿವೆ. ಒಂದೇ ಕಡೆ ಕೇಳಿ ಒಪ್ಪಿಕೊಳ್ಳದೆ ಎರಡು ಮೂರು ಕಡೆಯ ದರ, ದೂರದ ಹಂತ, ಪಾಳಿಯ ಸ್ಥಿತಿ ವಿಚಾರಿಸಿರಿ. ದರ ಹತ್ತು ರೂಪಾಯಿ ಕಡಿಮೆಯಿದ್ದರೂ ಪಾಳಿ ಬೇಗ ಹರಿಯುವ ಕಾರ್ಖಾನೆ ನಿಮಗೆ ಲಾಭದ್ದಾಗಬಹುದು.

ಮನಸ್ಸಿನಲ್ಲಿ ಮೂರು ಅಂಕಿ ಇಟ್ಟುಕೊಂಡು ಹೋಗಿರಿ: ಅಸಲು ಎಷ್ಟು, ಬೇಕಾದುದು ಎಷ್ಟು, ಕೇಳುವುದು ಎಷ್ಟು. ಅಸಲನ್ನು ಮೊದಲೇ ಬಾಯಿ ಬಿಡಬೇಡಿರಿ. ದರದಲ್ಲಿ ಎದುರಿನವರು ಬಗ್ಗದಿದ್ದರೆ ನಿಲುಗಡೆ ಭತ್ಯೆಗೆ, ಡೀಸೆಲಿನ ಷರತ್ತಿಗೆ, ದೂರದ ಅಳತೆಗೆ ಮಾತು ತಿರುಗಿಸಿರಿ. ಮುಂದೆ ಕೂತ ಅಧಿಕಾರಿಯೂ ಪಗಾರದ ಮನುಷ್ಯ. ಸಿಟ್ಟಿಗಿಂತ ಲೆಕ್ಕದ ಹಾಳೆ ಅವನನ್ನು ಹೆಚ್ಚು ಕಟ್ಟಿಹಾಕುತ್ತದೆ. ಒಪ್ಪಿದ್ದನ್ನು ಬರಹದಲ್ಲಿ ಪಡೆದು, ಒಂದು ಪ್ರತಿಯನ್ನು ಮನೆಯಲ್ಲಿಡಿರಿ.

ಬೆಲ್ಲ, ಅರಿಸಿನ ಹೇರಿಕೊಂಡು ಸಾಂಗಲಿಯ ಕಡೆ ಹೋಗುವ ಲಾರಿ ಮಾಲಕರಿಗೂ ಇದೇ ಮಾತು. ಟ್ರಾನ್ಸ್‌ಪೋರ್ಟ್ ಕಚೇರಿಯವರು ಹೇಳುವ ಬಾಡಿಗೆಯಲ್ಲಿ ದಲಾಲಿ ಎಷ್ಟು, ಹಮಾಲಿ ಯಾರದು, ಮರಳುವಾಗ ಹೇರು ಸಿಗುವುದೇ ಎಂದು ಮೊದಲೇ ಕೇಳಿರಿ. ಖಾಲಿ ಮರಳಬೇಕಾದರೆ ಒಂದು ದಾರಿಯ ಬಾಡಿಗೆಯಲ್ಲಿ ಎರಡು ದಾರಿಯ ಡೀಸೆಲು ಹೊರಡಬೇಕು.

ಕೂಡಿ ಕೇಳಿದರೆ

ಒಬ್ಬೊಬ್ಬರೇ ಹೋದರೆ ಇವನಲ್ಲದಿದ್ದರೆ ಇನ್ನೊಬ್ಬ ಎಂಬ ಉತ್ತರ ಸಿದ್ಧವಾಗಿರುತ್ತದೆ. ಊರಿನ ಹತ್ತು ಹನ್ನೆರಡು ಮಾಲಕರು ಕೂಡಿ, ಒಂದೇ ಹಾಳೆಯಲ್ಲಿ ಲೆಕ್ಕ ಬರೆದು, ಬೆಳೆಗಾರರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಬೆಳೆಗಾರರ ಎದುರಿಗೇ ಕೇಳುವ ದರ ಹದ್ದು ಮೀರುವುದಿಲ್ಲ. ಬೇಗ ಇಳಿಸಿಕೊಳ್ಳಿರೆಂಬ ಬೇಡಿಕೆಗೆ ಎರಡು ಕಡೆಯ ಬಲ ಬರುತ್ತದೆ. ಕೂಡಿ ಮಾಡುವುದು ಈ ಸೀಮೆಗೆ ಕಲಿಸಬೇಕಾದ ವಿದ್ಯೆಯಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅಂಥ ನೀರಿನಿಂದ ಬೆಳೆದ ಕಬ್ಬು ಇಂದು ಟ್ರೈಲರು ಏರುತ್ತಿದೆ.

ಈ ವಾರವೇ ವಾಚನಾಲಯದಲ್ಲಿ ನಾಲ್ಕು ಜನ ಕೂತು ಕಳೆದ ಹಂಗಾಮಿನ ಚೀಟಿಗಳನ್ನು ಮುಂದಿಟ್ಟುಕೊಳ್ಳಿರಿ. ಎಷ್ಟು ಖೇಪು ಆದವು, ಎಷ್ಟು ದಿನ ಗಾಡಿ ನಿಂತಿತು, ಟನ್ನಿಗೆ ಅಸಲು ಎಷ್ಟು ಬಿತ್ತು ಎಂದು ತೆಗೆಯಿರಿ. ಆ ಮೂರು ಅಂಕಿ ಕೈಯಲ್ಲಿ ಇಲ್ಲದೆ ಈ ಸಲದ ಕರಾರಿಗೆ ಸಹಿ ಮಾಡಬೇಡಿರಿ.