ಹಸುರು ತೆರೆಯ ಆಟದ ಪೆಟ್ಟಿಗೆ

ವರ್ಷ ವರ್ಷವೂ ಪೇಟೆಗೆ ಹೊಸ ಯಂತ್ರಗಳು ಬರುತ್ತವೆ. ಬಂದ ವರ್ಷ ಅವುಗಳ ಹೆಸರು ಎಲ್ಲರ ಬಾಯಲ್ಲಿ. ಮರುವರ್ಷ ಅದೇ ಬಾಯಿಗೆ ಬೇರೊಂದು ಹೆಸರು. ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಮೂಲೆ ಸೇರುತ್ತದೆ ಎಂಬುದನ್ನು ಆ ವರ್ಷವೇ ಹೇಳಬಲ್ಲವರು ವಿರಳ. ಕಾಲ ಸರಿದಮೇಲೆ ಹಿಂದಿರುಗಿ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಹಾಗೆ ನೋಡಲು ತಕ್ಕದಾದ ಒಂದು ವರ್ಷ 1989. ಕೈಯಲ್ಲಿ ಹಿಡಿದುಕೊಂಡು ಆಡುವ ಎರಡು ವಿದ್ಯುತ್ ಆಟದ ಯಂತ್ರಗಳು ಆ ವರ್ಷ ಕೆಲವೇ ತಿಂಗಳ ಅಂತರದಲ್ಲಿ ಹೊರಬಂದುವು. ಒಂದು ಜಪಾನಿನ ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್. ಮತ್ತೊಂದು ಅಮೆರಿಕದ ಅಟಾರಿ ಸಂಸ್ಥೆಯ ಲಿಂಕ್ಸ್.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಮೇಲೆಂದು ಮಗುವೂ ಹೇಳೀತು. ಲಿಂಕ್ಸಿನ ತೆರೆ ಬಣ್ಣದ್ದು. ಒಳಗೆ ದೀಪವಿದ್ದುದರಿಂದ ಕತ್ತಲೆಯಲ್ಲಿಯೂ ಕಾಣುವಂಥದು. ಗೇಮ್ ಬಾಯ್ ತೆರೆಗೆ ಬಣ್ಣವಿಲ್ಲ, ದೀಪವಿಲ್ಲ. ಕೆಸುವಿನೆಲೆಯ ಹಳದಿಗಟ್ಟಿದ ಹಸುರಿನ ಮೇಲೆ ನಾಲ್ಕೇ ನಾಲ್ಕು ಛಾಯೆಗಳು. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ಚಿತ್ರ ವೇಗವಾಗಿ ಸರಿದರೆ ಹಿಂದೆ ಒಂದು ಮಸಕು ಬಾಲ. ಬೆಲೆಯಲ್ಲಿಯೂ ಅಂತರವಿತ್ತು. ಗೇಮ್ ಬಾಯ್ ಜಪಾನಿನಲ್ಲಿ 1989ರ ಏಪ್ರಿಲ್ 21ರಂದು 12,500 ಯೆನ್ನಿಗೆ ಬಂದಿತು. ಅಮೆರಿಕದಲ್ಲಿ ಜುಲೈ ಕೊನೆಗೆ, ಸುಮಾರು 90 ಡಾಲರಿಗೆ. ಲಿಂಕ್ಸಿನ ಬೆಲೆ ಅದರ ಇಮ್ಮಡಿ. ಮರುವರ್ಷ ಜಪಾನಿನ ಸೆಗಾ ಸಂಸ್ಥೆಯೂ ಗೇಮ್ ಗಿಯರ್ ಎಂಬ ಬಣ್ಣದ ಯಂತ್ರವನ್ನು ಹೂಡಿತು. ಕೊನೆಗೆ ಏನಾಯಿತು? ಗೇಮ್ ಬಾಯ್, 1998ರಲ್ಲಿ ಬಂದ ಅದರ ಬಣ್ಣದ ತಮ್ಮನೂ ಸೇರಿ, 11 ಕೋಟಿ 86 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತು. ಲಿಂಕ್ಸ್ ಅಷ್ಟನ್ನೂ ಮುಟ್ಟಲಿಲ್ಲ.

ಈ ಸೋಜಿಗಕ್ಕೆ ಕಾರಣ ಹುಡುಕಬೇಕಾದರೆ ಕ್ಯೋಟೊ ನಗರಕ್ಕೆ ಹೋಗಬೇಕು. ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಹನಫುದ ಎಂಬ ಹೂವಿನ ಚಿತ್ರಗಳ ಇಸ್ಪೀಟೆಲೆ ಮಾಡುವ ಅಂಗಡಿಯಾಗಿ. 1965ರಲ್ಲಿ ಗುನ್‌ಪೆಯಿ ಯೊಕೊಯಿ ಎಂಬ ತರುಣರು ಅಲ್ಲಿ ಕೆಲಸಕ್ಕೆ ಸೇರಿದರು. ಓದಿದ್ದು ವಿದ್ಯುನ್ಮಾನ ಶಾಸ್ತ್ರ. ಸಿಕ್ಕಿದ ಕೆಲಸ ಎಲೆ ಮುದ್ರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು. ಕೆಲಸ ಕಡಿಮೆ, ಬಿಡುವು ಹೆಚ್ಚು. ಬೇಸರ ಕಳೆಯಲೆಂದು ಕತ್ತರಿಯ ಹಾಗೆ ಒಂದಕ್ಕೊಂದು ಹೆಣೆದ ಪಟ್ಟಿಗಳಿಂದ ಚಾಚಿ ಮಡಿಸಬಹುದಾದ ಒಂದು ಕೈಯನ್ನು ಮಾಡಿಕೊಂಡರು. ಅದು ಸಂಸ್ಥೆಯ ಅಧ್ಯಕ್ಷ ಹಿರೋಷಿ ಯಮವುಚಿಯವರ ಕಣ್ಣಿಗೆ ಬಿತ್ತು. ಬೈಯುವುದಕ್ಕೆ ಬದಲು ಅವರು ಅದನ್ನೇ ಆಟಿಕೆಯಾಗಿ ಮಾರಾಟಕ್ಕೆ ತರುವಂತೆ ಹೇಳಿದರು. 1966ರಲ್ಲಿ ಬಂದ ಆ ‘ಅಲ್ಟ್ರಾ ಹ್ಯಾಂಡ್’ ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಹೊತ್ತು ಕಳೆಯುವವನನ್ನು ಕಂಡು ಕೆಲಸದಿಂದ ತೆಗೆಯದೆ ಬೇರೆ ಕೆಲಸಕ್ಕೆ ಹಚ್ಚುವ ಮೇಲಧಿಕಾರಿ ಎಲ್ಲ ಕಡೆಯೂ ಸಿಕ್ಕುವವನಲ್ಲ. ಅದು ಯೊಕೊಯಿಯವರ ಪುಣ್ಯವೆನ್ನಬೇಕು.

ಅನಂತರದ ಕಥೆ ರೈಲಿನಲ್ಲಿ ನಡೆಯುತ್ತದೆ. ಜಪಾನಿನ ವೇಗದ ರೈಲಿನಲ್ಲಿ ಪಯಣಿಸುತ್ತಿದ್ದಾಗ ಕಚೇರಿಯ ನೌಕರನೊಬ್ಬ ಬೇಸರ ತಾಳಲಾರದೆ ಲೆಕ್ಕ ಮಾಡುವ ಪುಟ್ಟ ಯಂತ್ರದ, ಎಂದರೆ ಕ್ಯಾಲ್ಕ್ಯುಲೇಟರಿನ, ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಯೊಕೊಯಿ ಕಂಡರು. ದೊಡ್ಡವರೂ ಯಾರಿಗೂ ಕಾಣದಂತೆ ಆಡಬಹುದಾದ ಪುಟ್ಟ ಆಟವೊಂದಿದ್ದರೆ ಎಂಬ ಆಲೋಚನೆ ಬಂದಿತು. ಆಗ ಜಪಾನಿನಲ್ಲಿ ಕ್ಯಾಲ್ಕ್ಯುಲೇಟರ್ ತಯಾರಕರ ನಡುವೆ ಪೈಪೋಟಿ ಹತ್ತಿಕೊಂಡು ಅದರ ತೆರೆ, ಅದರ ಚಿಪ್ಪು ಎರಡೂ ಬಹಳ ಸೋವಿಯಾಗಿದ್ದುವು. ಅವುಗಳನ್ನೇ ಆರಿಸಿಕೊಂಡು 1980ರ ಏಪ್ರಿಲಿನಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಆಟವನ್ನು ಹೊರತಂದರು. ಆಟವೂ ಹೌದು, ಗಡಿಯಾರವೂ ಹೌದು. ಕ್ಯಾಲ್ಕ್ಯುಲೇಟರಿನ ತೆರೆಯಲ್ಲಿ ಅಂಕೆಯ ತುಂಡುಗಳು ಮೊದಲೇ ಅಚ್ಚಾಗಿದ್ದು ಬೇಕಾದುದು ಮಾತ್ರ ಕಪ್ಪಾಗುತ್ತದಷ್ಟೆ. ಇಲ್ಲಿ ಅಂಕೆಗಳ ಜೊತೆಗೆ ಮನುಷ್ಯನ ಕೈಕಾಲು, ಚೆಂಡು ಮುಂತಾದುವು ಅಚ್ಚಾಗಿದ್ದುವು. ಒಂದರ ಅನಂತರ ಒಂದು ಕಪ್ಪಾದರೆ ಚೆಂಡು ಹಾರಿದಂತೆ ಕಾಣುತ್ತದೆ. ಕೋಟಿಗಟ್ಟಲೆ ಮಾರಾಟವಾದ ಈ ಆಟದಲ್ಲಿ ಹೊಸದಾಗಿ ಕಂಡುಹಿಡಿದ ಪದಾರ್ಥ ಒಂದೂ ಇರಲಿಲ್ಲ.

ಯೊಕೊಯಿ ತಮ್ಮ ಈ ಬಗೆಯನ್ನು ಒಂದು ಸೂತ್ರವಾಗಿ ಹೇಳುತ್ತಿದ್ದರು. ಜಪಾನಿ ಮಾತನ್ನು ಕನ್ನಡಿಸಿದರೆ, ‘ಒಣಗಿದ ವಿದ್ಯೆಯನ್ನು ಅಡ್ಡ ಹಾದಿಯಲ್ಲಿ ಯೋಚಿಸುವುದು’ ಎಂದಾಗುತ್ತದೆ. ಒಣಗಿದ ಎಂದೊಡನೆ ಸತ್ತುಹೋದ ಎಂದು ತಿಳಿಯಬಾರದು. ನಮ್ಮ ಬಡಗಿಗಳನ್ನು ಕೇಳಿ ನೋಡಿ. ಹಸಿ ಮರದಿಂದ ಬಾಗಿಲು ಮಾಡಿದರೆ ಒಂದು ಬೇಸಗೆ ಕಳೆಯುವುದರೊಳಗೆ ಸೊಟ್ಟಗಾಗಿ ಚೌಕಟ್ಟಿನಲ್ಲಿ ಕೂಡುವುದಿಲ್ಲ. ಚೆನ್ನಾಗಿ ಒಣಗಿದ ಮರ ಎಲ್ಲಿ ಸೀಳೀತು, ಎಲ್ಲಿ ತಡೆದೀತು ಎಂಬುದು ಉಳಿ ಹಿಡಿದವನಿಗೆ ಗೊತ್ತು. ವಿದ್ಯೆಯೂ ಹಾಗೆ. ಬಹಳ ಕಾಲ ಬಳಸಿದ ವಿದ್ಯೆಯ ದೋಷಗಳೆಲ್ಲ ಹೊರಬಿದ್ದಿರುತ್ತವೆ, ಬೆಲೆ ಇಳಿದಿರುತ್ತದೆ, ತಿದ್ದಬಲ್ಲವರು ಬೇಕಾದಷ್ಟು ಜನ ಇರುತ್ತಾರೆ. ಅದನ್ನು ಅದು ಹುಟ್ಟಿದ ಕೆಲಸಕ್ಕಲ್ಲದೆ ಬೇರೊಂದು ಕೆಲಸಕ್ಕೆ ಹೂಡುವುದೇ ಅಡ್ಡ ಹಾದಿ.

ಗೇಮ್ ಬಾಯ್ ಈ ಸೂತ್ರದ ಮಗು. ಆದರೆ ಅದನ್ನು ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಯೊಕೊಯಿಯವರ ಜೊತೆಗೆ ದುಡಿದ ಸತೊರು ಒಕಡ ಎಂಬವರು, ಇದು ನಾಲ್ಕು ದಿನ ಆಡಿ ಬಿಸಾಡುವ ಸೋವಿ ಆಟಿಕೆಯಾಗಬಾರದು, ಆಟದ ಬಿಲ್ಲೆಯನ್ನು ಬದಲಾಯಿಸಿ ಬದಲಾಯಿಸಿ ವರ್ಷಗಟ್ಟಲೆ ಆಡುವಂತಿರಬೇಕು ಎಂದು ಹಟ ಹಿಡಿದವರು. ಅವರ ಹಟವಿಲ್ಲದಿದ್ದರೆ ಸೂತ್ರ ಉಳಿದು ಯಂತ್ರ ಮರೆತುಹೋಗುತ್ತಿತ್ತೇನೋ.

ಇನ್ನು ಆ ಮಂಕು ತೆರೆಯ ವಿಚಾರ. ಅದು ದ್ರವಸ್ಫಟಿಕದ ತೆರೆ. ದ್ರವದಂತೆ ಹರಿಯುವ, ಆದರೆ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ದಿಕ್ಕಿಗೆ ಸಾಲುಗಟ್ಟಿ ನಿಲ್ಲುವ ಪದಾರ್ಥಕ್ಕೆ ಈ ಹೆಸರು. 1888ರಲ್ಲಿ ರೈನಿಟ್ಜರ್ ಎಂಬ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞರು ಇದರ ವಿಚಿತ್ರ ನಡತೆಯನ್ನು ಮೊದಲು ಗಮನಿಸಿದರು. ತೆರೆ ಕೆಲಸ ಮಾಡುವ ಬಗೆ ಹೀಗೆ: ಬೆಳಕು ಒಂದು ಅಲೆ, ಅದು ಎಲ್ಲ ದಿಕ್ಕಿಗೂ ಕಂಪಿಸುತ್ತ ಬರುತ್ತದೆ. ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಒಳಬಿಡುವ ಹಾಳೆಗಳುಂಟು. ಕಿಟಕಿಯ ಸರಳುಗಳನ್ನು ನೆನೆದುಕೊಳ್ಳಿ. ನೆಟ್ಟಗೆ ಹಿಡಿದ ಕೋಲು ಸರಳುಗಳ ನಡುವೆ ತೂರುತ್ತದೆ, ಅಡ್ಡ ಹಿಡಿದದ್ದು ತೂರದು. ಅಂಥ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡಲಾಗಿಟ್ಟರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದನ್ನು ದಾಟಲಾರದು. ಆದರೆ ನಡುವೆ ದ್ರವಸ್ಫಟಿಕವನ್ನು ತುಂಬಿ, ಅದರ ಅಣುಗಳು ಹಗ್ಗದ ಹುರಿಯಂತೆ ತಿರುಚಿಕೊಂಡು ನಿಲ್ಲುವಂತೆ ಮಾಡಿದರೆ, ಬೆಳಕೂ ಆ ಹುರಿಯೊಡನೆ ತಿರುಗಿ ಎರಡನೆಯ ಕಿಟಕಿಯಲ್ಲಿ ಸಲೀಸಾಗಿ ತೂರುತ್ತದೆ. ಒಂದಿಷ್ಟು ವಿದ್ಯುತ್ತನ್ನು ತಾಗಿಸಿ. ಅಣುಗಳು ಹುರಿ ಬಿಚ್ಚಿ ನೆಟ್ಟಗಾಗುತ್ತವೆ, ಬೆಳಕಿಗೆ ದಾರಿ ಕಟ್ಟುತ್ತದೆ, ಆ ಚುಕ್ಕೆ ಕಪ್ಪಾಗುತ್ತದೆ. ಮೂಲತತ್ತ್ವ ಇಷ್ಟೆ. ಗೇಮ್ ಬಾಯ್ ತೆರೆಯಲ್ಲಿ ಈ ಹುರಿ ಇನ್ನೂ ಬಿಗಿಯಾದದ್ದು.

ಇದರಲ್ಲಿ ಗಮನಿಸಬೇಕಾದುದೆಂದರೆ, ತೆರೆ ತಾನು ಬೆಳಕನ್ನು ಹುಟ್ಟಿಸುವುದಿಲ್ಲ. ಹೊರಗಿನಿಂದ ಬಂದ ಬೆಳಕಿಗೆ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಬಾಗಿಲು ತೆರೆದು ಮುಚ್ಚಲು ಬೇಕಾದ ಶಕ್ತಿ ಅತ್ಯಲ್ಪ. ದೀಪ ಉರಿಸಲು ಬೇಕಾದ ಶಕ್ತಿ ಬಹಳ.

ಪ್ರಸಂಗ ಬಂದಿರುವುದರಿಂದ ನಮ್ಮ ನಾಡಿನ ಒಂದು ಮಾತನ್ನೂ ಸೇರಿಸುತ್ತೇನೆ. ದ್ರವಸ್ಫಟಿಕಗಳ ಅಣುಗಳು ಕಡ್ಡಿಯ ಆಕಾರದವೇ ಆಗಿರಬೇಕೆಂಬುದು ಬಹುಕಾಲದ ನಂಬಿಕೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು, ಸದಾಶಿವ ಮತ್ತು ಸುರೇಶ್ ಎಂಬ ಸಹೋದ್ಯೋಗಿಗಳೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅವು ಕಂಬಗಟ್ಟಿ ನಿಲ್ಲುತ್ತವೆ. ಗೇಮ್ ಬಾಯ್ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ; ಮುಂದೆ ಕಂಪ್ಯೂಟರು, ದೂರದರ್ಶನಗಳ ತೆರೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಹಾಳೆಗಳಲ್ಲಿ ಈ ಜಾತಿಯ ಅಣುಗಳು ಬಳಕೆಗೆ ಬಂದುವು.

ಈಗ ಲಿಂಕ್ಸಿನ ಸೋಲಿಗೆ ಬರೋಣ. ಶಾಲೆಯ ಲೆಕ್ಕದಂತೆ ಮಾಡಿ ನೋಡಿ. ಲಿಂಕ್ಸಿಗೆ ಒಮ್ಮೆಗೆ 6 ಸೆಲ್ಲು ಬೇಕು. ದೀಪ ಉರಿಯುವುದರಿಂದ ನಾಲ್ಕೈದು ಗಂಟೆಗೆ ಅವು ಮುಗಿಯುತ್ತವೆ. ಗೇಮ್ ಬಾಯ್‌ಗೆ 4 ಸೆಲ್ಲು. ಅವು ಸುಮಾರು 15 ಗಂಟೆ ಬಾಳುತ್ತವೆ. 30 ಗಂಟೆ ಆಡುವ ಹುಡುಗನಿಗೆ ಇಲ್ಲಿ 8 ಸೆಲ್ಲು ಸಾಕು. ಅಲ್ಲಿ, 5 ಗಂಟೆಯೆಂದೇ ಹಿಡಿದರೂ, 36 ಬೇಕು. ಯಂತ್ರದ ಬೆಲೆಯನ್ನು ಒಮ್ಮೆ ಕೊಟ್ಟರಾಯಿತು. ಸೆಲ್ಲಿನ ಬೆಲೆ ದಿನದಿನದ ತೆರಿಗೆ. ಆಡುವವನು ಮಗ, ತೆರುವವನು ತಂದೆ. ಬಣ್ಣವನ್ನು ಕಂಡು ಅಂಗಡಿಯಲ್ಲಿ ಮರುಳಾದ ಮನೆಯವರು ಎರಡನೆಯ ವಾರದಲ್ಲಿ ಯಂತ್ರವನ್ನು ಕಪಾಟಿನಲ್ಲಿಟ್ಟರೆ ಅವರನ್ನು ಜಿಪುಣರೆನ್ನಲಾಗದು. ಜಾಹೀರಾತು ಬಣ್ಣಗಳನ್ನು ಎಣಿಸುತ್ತದೆ, ಸೆಲ್ಲುಗಳನ್ನು ಎಣಿಸುವುದಿಲ್ಲ. ಈಚಿನ ಯಂತ್ರಗಳಿಗೆ ಸೆಲ್ಲಿನ ಬದಲು ಒಳಗೇ ಇರುವ ಬ್ಯಾಟರಿ ಬಂದಿದೆ. ಆದರೂ ಎಷ್ಟು ಗಂಟೆ ಬಾಳೀತು ಎಂಬ ಪ್ರಶ್ನೆ ಹಳೆಯದಾಗಿಲ್ಲ.

ಬಣ್ಣದ ವಿಚಾರದಲ್ಲಿ ಯೊಕೊಯಿಯವರ ಒಂದು ವಾದ ನಮ್ಮಂಥ ಉಪಾಧ್ಯಾಯರಿಗೆ ಬಹಳ ರುಚಿಸುವಂಥದು. ಕರಿ ಹಲಗೆಯ ಮೇಲೆ ಎರಡು ವೃತ್ತ ಬರೆದು ‘ಇದು ಹಿಮದ ಬೊಂಬೆ’ ಎಂದರೆ ನೋಡಿದವರಿಗೆ ಹಿಮದ ಬಿಳುಪು ತಾನಾಗಿ ಕಾಣುತ್ತದೆ, ಬಣ್ಣ ಹಚ್ಚಬೇಕಾಗಿಲ್ಲ ಎಂಬುದು ಅವರ ನಿಲುವು. ಆಟದ ಸ್ವಾರಸ್ಯ ಆಟದಲ್ಲಿದ್ದರೆ ಮಿಕ್ಕುದನ್ನು ಆಡುವವನ ಮನಸ್ಸು ತುಂಬಿಕೊಳ್ಳುತ್ತದೆ. ಹೇಳದೆ ಹೊಳೆಯಿಸುವುದನ್ನು ನಮ್ಮ ಅಲಂಕಾರಶಾಸ್ತ್ರದವರು ಧ್ವನಿಯೆಂದು ಕರೆದರು. ಕ್ಯೋಟೊದ ಇಂಜಿನಿಯರರು ಆನಂದವರ್ಧನನನ್ನು ಓದಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಅಳಗುಳಿಮಣೆಯಲ್ಲಿ ಹುಣಿಸೆಬೀಜ ಹಾಕಿ ಆಡುವವರು ಯಾರೂ ಬೀಜಕ್ಕೆ ಬಣ್ಣವಿಲ್ಲವೆಂದು ಎದ್ದುಹೋಗುವುದಿಲ್ಲವಲ್ಲ.

ಗೇಮ್ ಬಾಯ್ ಜೊತೆಗೆ ಅಮೆರಿಕದಲ್ಲಿ ಕೊಟ್ಟ ಆಟ ಈ ವಾದಕ್ಕೆ ಸಾಕ್ಷಿ ನುಡಿಯಿತು. ಅದೇ ಟೆಟ್ರಿಸ್. ನಾಲ್ಕು ನಾಲ್ಕು ಚೌಕಗಳನ್ನು ಜೋಡಿಸಿದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ತಿರುಗಿಸಿ ಕೂಡಿಸಿ ಸಾಲು ತುಂಬಿದರೆ ಸಾಲು ಮಾಯವಾಗುತ್ತದೆ. ಇಷ್ಟೇ ಆಟ. ಇದನ್ನು 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣನ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್‌ನೊವ್ ರಚಿಸಿದರು. ಅವರ ಎಲೆಕ್ಟ್ರಾನಿಕ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ; ಆವರಣ ಚಿಹ್ನೆಗಳನ್ನೇ ಚೌಕಗಳೆಂದು ಭಾವಿಸಿ ಆಡಬೇಕಾಗಿತ್ತು. ಅಂಥ ಆಟಕ್ಕೆ ಬಣ್ಣವಿಲ್ಲದ ತೆರೆ ಕೊರತೆಯೇ ಅಲ್ಲ. 1989ರ ಆರಂಭದಲ್ಲಿ ಹೆಂಕ್ ರಾಜರ್ಸ್ ಎಂಬ ವ್ಯಾಪಾರಿ ಕರೆಯದೆಯೇ ಮಾಸ್ಕೋಗೆ ಹೋಗಿ, ಸೋವಿಯತ್ ಸರ್ಕಾರದ ಎಲೊರ್ಗ್ ಸಂಸ್ಥೆಯೊಡನೆ ಮಾತನಾಡಿ, ಕೈಯಂತ್ರಗಳಲ್ಲಿ ಈ ಆಟವನ್ನು ಹಾಕುವ ಹಕ್ಕನ್ನು ಪಡೆದುಬಂದರು. ಹಣ ಸೋವಿಯತ್ ಸರ್ಕಾರಕ್ಕೆ ಸಂದಿತು. ಆಟ ಕಟ್ಟಿದ ಪಾಜಿಟ್‌ನೊವ್ ಅವರಿಗೆ ತಮ್ಮ ಕೃತಿಯ ಗೌರವಧನ ಬರತೊಡಗಿದ್ದು 1996ರಿಂದ. ಲೋಕವೆಲ್ಲ ಆಡುತ್ತಿದ್ದಾಗ ಕರ್ತೃವಿಗೆ ಕಾಸಿಲ್ಲದೆ ಹೋದುದು ಕವಿಗಳ ಪಾಡನ್ನು ಬಲ್ಲವರಿಗೆ ಹೊಸತೆನಿಸದು.

ಯೊಕೊಯಿಯವರ ಮುಂದಿನ ದಾರಿ ಸುಗಮವಾಗಿರಲಿಲ್ಲ. 1995ರಲ್ಲಿ ಅವರು ‘ವರ್ಚುವಲ್ ಬಾಯ್’ ಎಂಬ ಯಂತ್ರವನ್ನು ತಂದರು. ಕಣ್ಣುಗಳನ್ನು ಮುಖವಾಡದಂಥ ಪೆಟ್ಟಿಗೆಗೆ ಒತ್ತಿ ನೋಡಿದರೆ ಚಿತ್ರಕ್ಕೆ ಆಳವಿರುವಂತೆ ಕಾಣುತ್ತಿತ್ತು. ಇಲ್ಲಿಯೂ ಸೋವಿಯಾಗಿ ಸಿಕ್ಕುವ ಕೆಂಪು ದೀಪದ ಬಿಂದುಗಳನ್ನೇ ಬಳಸಿದ್ದರು. ಎಂದರೆ ಸೂತ್ರ ಬಿಟ್ಟಿರಲಿಲ್ಲ. ಆದರೆ ಕತ್ತಲೆಯಲ್ಲಿ ಕೆಂಪು ಚಿತ್ರ ಕಣ್ಣಿಗೆ ಆಯಾಸ. ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾದುದರಿಂದ ರೈಲಿಗೂ ಸಲ್ಲದು, ಮನೆಗೂ ಸಲ್ಲದು. ಎಂಟು ಲಕ್ಷವೂ ಮಾರಾಟವಾಗದೆ ಒಂದು ವರ್ಷದೊಳಗೇ ಅದು ನಿಂತುಹೋಯಿತು. ಸೋವಿಯಾದುದು ಒಪ್ಪುವುದು ಅದು ಕೈಗೂ ಕಣ್ಣಿಗೂ ಹಿತವಾಗಿರುವವರೆಗೆ ಮಾತ್ರ ಎಂದು ನನ್ನ ಎಣಿಕೆ. 1996ರಲ್ಲಿ ಅವರು ನಿಂಟೆಂಡೊ ಬಿಟ್ಟರು. ಈ ಸೋಲಿಗಾಗಿ ಬಿಟ್ಟರೆಂದು ಜನ ಆಡಿಕೊಂಡರು. ಅವರು ಅದನ್ನು ಒಪ್ಪಲಿಲ್ಲ. ಕೊತೊ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ ಮತ್ತೊಂದು ಕೈಯಂತ್ರದ ಕೆಲಸಕ್ಕೆ ತೊಡಗಿದರು. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅಪಘಾತವಾಗಿ, ಕಾರಿನಿಂದ ಇಳಿದು ನಿಂತಿದ್ದಾಗ ಇನ್ನೊಂದು ಕಾರು ಬಡಿದು ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಅವರು ಕೈಹಾಕಿದ್ದ ಯಂತ್ರವನ್ನು ಬಂಡಾಯ್ ಸಂಸ್ಥೆ 1999ರ ಮಾರ್ಚಿಯಲ್ಲಿ ‘ವಂಡರ್‌ಸ್ವಾನ್’ ಎಂಬ ಹೆಸರಿನಿಂದ ಹೊರತಂದಿತು. ಬೆಲೆ 4,800 ಯೆನ್. ತೆರೆಗೆ ಬಣ್ಣವಿರಲಿಲ್ಲ. ಅದರೊಡನೆ ಬಂದ ಒಂದು ಆಟಕ್ಕೆ ಅವರ ನೆನಪಿಗಾಗಿ ‘ಗುನ್‌ಪೆಯಿ’ ಎಂದು ಹೆಸರಿಟ್ಟಿದ್ದರು. ಒಂದೇ ಒಂದು ಸೆಲ್ಲಿನಿಂದ ಅದು ಸುಮಾರು 30 ಗಂಟೆ ನಡೆಯುತ್ತಿತ್ತು.